ಹರಿಯಾಣದ ಹೊಲದಲ್ಲಿ ಎಳ್ಳಮಾವಾಸ್ಯೆ

ದಿಲ್ಲಿಯಲ್ಲಿ ಯಾರ ಮನೆಗೆ ಚಳಿಗಾಲದ ನೆಂಟರು ಬಂದಿದ್ದಾರೆಂಬುದನ್ನು ಬಾಲ್ಕನಿ ನೋಡಿಯೇ ಹೇಳಬಹುದು. ಬಿಸಿಲು ಬಿದ್ದ ಕೂಡಲೇ ಕಂಬಿಗಳ ಮೇಲೆ ಕೆಂಪು, ನೀಲಿ ರಜಾಯಿಗಳು ಜೋತುಬೀಳುತ್ತವೆ. ರಜಾಯಿ ಅಂದರೆ ಹತ್ತಿ ತುಂಬಿದ ದಪ್ಪ ಹೊದಿಕೆ. ನಮ್ಮ ಕೌದಿಯ ಶ್ರೀಮಂತ ಅಣ್ಣ ಅನ್ನಿ. ನಮ್ಮ ಊರ ಕಡೆ ಟೆಂಟ್ ಹೌಸಿನಿಂದ ಮದುವೆಗೆ ಪೆಂಡಾಲು, ಕುರ್ಚಿ, ಹಂಡೆ ತರಿಸುತ್ತಾರೆ. ಇಲ್ಲಿ ಮನೆಗೆ ನಾಲ್ಕು ಮಂದಿ ಹೆಚ್ಚಿಗೆ ಬಂದರೆ ಸಾಕು, ಗಾದಿ, ರಜಾಯಿ, ದಿಂಬು ಎಲ್ಲ ದಿನದ ಬಾಡಿಗೆಗೆ ಬರುತ್ತವೆ. 2024ರ ಡಿಸೆಂಬರಿನಲ್ಲಿ ದ್ವಾರಕಾದ ನಮ್ಮ ಮೂರು ಕೋಣೆಯ ಫ್ಲ್ಯಾಟಿಗೂ ಆರು ಜೊತೆ ಬಂದಿಳಿದವು. ಮಗಳು ನ್ಯೂಜೆರ್ಸಿಯಿಂದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬರುವವಳಿದ್ದಳು. ಅಳಿಯನಿಗೆ ರಜೆ ಸಿಕ್ಕಿರಲಿಲ್ಲ. ಮಗ, ಸೊಸೆ, ಅವರ ಮಗಳು ಬೆಂಗಳೂರಿನಿಂದ. ಕರ್ನಾಟಕದಲ್ಲಿರುವ ಮಗ ಕರ್ನಾಟಕದ ಹಬ್ಬ ಮಾಡಲು ದಿಲ್ಲಿಗೆ ಬರುವುದು ಉಲ್ಟಾ ಅನಿಸಬಹುದು. ಏನು ಮಾಡೋದು, ಅವನ ಅವ್ವ ರೊಟ್ಟಿ ಬಡಿಯುವುದು ಇಲ್ಲಿ.

ಹಬ್ಬ ಯಾವುದೆಂದರೆ ಎಳ್ಳಮಾವಾಸ್ಯೆ. ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಇದರ ಪರಿಚಯ ಕಡಿಮೆ. ವಿಜಯಪುರ, ಕಲಬುರಗಿ, ಬೀದರ, ಬಾಗಲಕೋಟೆ ಕಡೆಯ ಒಕ್ಕಲುತನದವರಿಗೆ ಮಾತ್ರ ಇದು ದೀಪಾವಳಿಗಿಂತ ಒಂದು ಗುಂಜಿ ಹೆಚ್ಚೇ. ಡಿಸೆಂಬರ್ ಕೊನೆ ಇಲ್ಲವೆ ಜನವರಿ ಮೊದಲಲ್ಲಿ ಬರುವ ಅಮಾವಾಸ್ಯೆಯ ದಿನ ಹಿಂಗಾರಿ ಬಿಳಿಜೋಳ ಆಳೆತ್ತರಕ್ಕೆ ನಿಂತಿರುತ್ತದೆ. ಕಡಲೆ, ಕುಸುಬೆ, ಅಗಸೆ ಹಸಿರಾಗಿರುತ್ತವೆ. ಭೂಮಿತಾಯಿ ಬಸುರಿ, ಆಕೆಯ ಬಯಕೆ ತೀರಿಸಬೇಕು ಎಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ತಂದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಆಮೇಲೆ ಅಲ್ಲೇ ಕುಳಿತು ಊಟ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣ್ಣಿಸುತ್ತಾರೆ.

ಮಗಳು ಇದನ್ನು ತನ್ನ ಮಕ್ಕಳಿಗೆ 'ನಮ್ಮ ಥ್ಯಾಂಕ್ಸ್‌ಗಿವಿಂಗ್' ಎಂದು ಹೇಳಿಕೊಟ್ಟಿದ್ದಾಳೆ. ಅಮೆರಿಕದವರದು ನವೆಂಬರಿನ ನಾಲ್ಕನೆಯ ಗುರುವಾರ. ಆ ವರ್ಷ 28ಕ್ಕೆ ಬಂದಿತ್ತು. ಲಿಂಕನ್ 1863ರಲ್ಲಿ ಇಡೀ ದೇಶಕ್ಕೆ ಸಾರಿದ ಹಬ್ಬವಂತೆ. ಎಲ್ಲೆಲ್ಲೋ ಇರುವ ಮಕ್ಕಳು ತಂದೆತಾಯಿಯ ಮನೆಗೆ ಬರುತ್ತಾರೆ, ಸುಗ್ಗಿಗೆ ಕೃತಜ್ಞತೆ ಹೇಳಿ ಒಟ್ಟಿಗೆ ಉಣ್ಣುತ್ತಾರೆ. ಹೋಲಿಕೆ ತಪ್ಪೇನಲ್ಲ. ಆದರೆ ಅವರದು ಬೆಳೆ ಮನೆಗೆ ಬಂದ ಮೇಲೆ ಹೇಳುವ ಧನ್ಯವಾದ. ನಮ್ಮದು ಬೆಳೆ ಇನ್ನೂ ಹೊಲದಲ್ಲಿ ನಿಂತಾಗಲೇ, ಬರುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಹಾಕುವ ಊಟ. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ ನಮ್ಮದು ಅಡ್ವಾನ್ಸ್.

ದಿಲ್ಲಿಯಲ್ಲಿ ಹೊಲ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಅದಕ್ಕೂ ನಮ್ಮ ಉಡುಪಿಗೂ ಸಂಬಂಧವಿದೆ ಅಂದರೆ ನಗಬೇಡಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಉತ್ತರದ ಹಳ್ಳಿಗಳಲ್ಲಿ ತುಸು ಹೆಚ್ಚೇ ಓಡಾಡಿದ ಬ್ಯಾಂಕು. ದೇಶದ ಮೊಟ್ಟಮೊದಲ ಗ್ರಾಮೀಣ ಬ್ಯಾಂಕು, 1975ರ ಅಕ್ಟೋಬರ್ 2ರಂದು ಮುರಾದಾಬಾದಿನಲ್ಲಿ ತೆರೆದ 'ಪ್ರಥಮಾ', ಇದರದೇ ಪ್ರಾಯೋಜನೆ. ಮರುವರ್ಷ ಬಂದ ಗುಡಗಾಂವ್ ಗ್ರಾಮೀಣ ಬ್ಯಾಂಕೂ ಹಾಗೆಯೇ. ಧಾರವಾಡದಲ್ಲಿ ಎಂಕಾಂ ಮುಗಿಸಿ 1982ರಲ್ಲಿ ಸಿಂಡಿಕೇಟ್ ಸೇರಿದ ನಾನು ನಾಲ್ಕೇ ವರ್ಷದಲ್ಲಿ ಗುಡಗಾಂವ್ ಜಿಲ್ಲೆಯ ಫರೂಖ್‌ನಗರದ ಸುತ್ತಿನ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಓದಿದ್ದು ಕಾಸ್ಟ್ ಅಕೌಂಟಿಂಗು, ಕೈಗೆ ಬಂದದ್ದು ಬೆಳೆಸಾಲದ ಫೈಲುಗಳು. ಈಗ ಆ ಬ್ಯಾಂಕಿನ ಹೆಸರೂ ಇಲ್ಲ. 2020ರ ಏಪ್ರಿಲ್ ಒಂದರಂದು ಕೆನರಾದಲ್ಲಿ ಸೇರಿಹೋಯಿತು. ನನ್ನ ಪೆನ್ಶನ್ ಪಾಸ್‌ಬುಕ್ಕಿನ ಬಣ್ಣ ಬದಲಾಯಿತು, ಅಷ್ಟೆ.

1986ರ ಚಳಿಗಾಲ. ಹೊಸದಾಗಿ ಮದುವೆಯಾಗಿ ಬಂದ ಹೆಂಡತಿ ಎಳ್ಳಮಾಸಿ ದಿನ ಬೆಳಿಗ್ಗೆಯಿಂದ ಕಣ್ಣೀರು ಹಾಕುತ್ತ ಸಜ್ಜೆ ರೊಟ್ಟಿ ಬಡಿದಳು. ಆ ದಿನ ನನಗೆ ಹೊಲ ತನಿಖೆಗೆ ಹೋಗುವುದಿತ್ತು. ಸಾಲಗಾರ ಮುದುಕ ಚೌಧರಿಯನ್ನು, 'ನಿಮ್ಮ ಹೊಲದಲ್ಲಿ ಈ ಅಡುಗೆ ನಾಲ್ಕು ಹಿಡಿ ಚೆಲ್ಲಬಹುದೆ?' ಎಂದು ಕೇಳಿದೆ. ಮುದುಕ ಹುಕ್ಕಾ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಮಾವಾಸ್ಯೆ ದಿನ, ಪರರ ಹೊಲ, ಕಲಸಿದ ಅನ್ನ! 'ಬಾಬೂಜಿ, ಟೋನಾ ಟೋಟ್ಕಾ ತೋ ನಹೀಂ?' ಅಂದ. ಮಾಟಮಂತ್ರ ಅಲ್ಲ ತಾನೆ ಅಂತ. ಧರತಿ ಮಾತೆಗೆ ಊಟ ಹಾಕುವ ಪದ್ಧತಿ ಎಂದು ತಿಳಿಸಿದ ಮೇಲೆ ಏನೂ ಮಾತಾಡಲಿಲ್ಲ. ಜೋಡು ಕಳಚಿಟ್ಟು ತಾನೇ ಮುಂದಾಗಿ ನಡೆದ. ಅವರಲ್ಲೂ ಊರ ಹೊರಗೆ ಸುಣ್ಣ ಬಳಿದ ಪುಟ್ಟ ಗುಡಿ, ಅದರಲ್ಲಿ ಭೂಮಿಯಾ ಎಂಬ ನೆಲದ ದೇವರು. ಮೂರ್ತಿ ಗೀರ್ತಿ ಏನಿಲ್ಲ. ಎಮ್ಮೆ ಈದರೆ ಮೊದಲ ಹಾಲು ಅದಕ್ಕೇ. ಹೊಲದ ಬದುವಿನಲ್ಲಿ ಒಂದು ಮುಳ್ಳುಗಿಡ ನಿಂತಿತ್ತು. ಅವರು 'ಜಾಂಟಿ' ಅನ್ನುತ್ತಾರೆ. ಹತ್ತಿರ ಹೋಗಿ ಎಲೆ ಮುಟ್ಟಿ ನೋಡಿದರೆ ನಮ್ಮ ಬನ್ನಿ! ರಾಜಸ್ಥಾನದವರ ಖೇಜ್ರಿಯೂ ಇದೇ. ಹೆಂಡತಿಗೆ ಹೋಗಿ ಹೇಳಿದಾಗ ನಂಬಲಿಲ್ಲ. ಮರುವರ್ಷ ಕರೆದುಕೊಂಡು ಹೋಗಿ ತೋರಿಸಬೇಕಾಯಿತು.

ನಂತರ ವರ್ಗಾವಣೆ ಎಲ್ಲೆಲ್ಲಿಗೋ ಆಯಿತು. ದಿಲ್ಲಿಯಲ್ಲಿದ್ದ ವರ್ಷಗಳಲ್ಲಿ ಮಾತ್ರ ಎಳ್ಳಮಾಸಿಗೆ ಅದೇ ಹೊಲ. ಮುದುಕ ತೀರಿಕೊಂಡ. ಅವನ ಮಗ ನನ್ನ ವಾರಿಗೆಯವ. ಅವನೂ ಈಗ ಚೌಧರಿ ಸಾಹೇಬನೇ.

ಈ ಸಲ ಮಕ್ಕಳು ಬರುವ ಮೊದಲೇ ಎರಡು ಚಿಂತೆ ಇದ್ದವು. ಮೊದಲನೆಯದು ಹವೆ. ನವೆಂಬರಿನಲ್ಲಿ ದಿಲ್ಲಿಯ ವಾಯುಮಾಲಿನ್ಯದ ಸೂಚ್ಯಂಕ 490 ದಾಟಿತ್ತು. 'ಅಪ್ಪಾ, ಆ ಊರು ಬಿಟ್ಟ್ ಬರ್ರಿ, ಅವ್ವನ ಕೆಮ್ಮು ಫೋನ್ಯಾಗ ಕೇಳ್ತದ' ಎಂದು ಮಗ ವಾರಕ್ಕೊಮ್ಮೆ ಅನ್ನುತ್ತಿದ್ದ. ಎರಡನೆಯದು ಕಪಾಟಿನಲ್ಲಿಟ್ಟಿದ್ದ ಕಂದುಬಣ್ಣದ ಲಕೋಟೆ. ಇಂಡಿ ತಾಲ್ಲೂಕಿನ ನಮ್ಮ ಹದಿನಾಲ್ಕು ಎಕರೆಯನ್ನು ತೀರಿಹೋದ ಅಣ್ಣನ ಮಗ ಒಬ್ಬನೇ ಉಳುತ್ತಾನೆ. ಪಹಣಿಯಲ್ಲಿ ಮಾತ್ರ ನನ್ನ ಹೆಸರೂ ಇದೆ. ಅವನಿಗೆ ಬೋರು ಹೊಡೆಸಿ, ಡ್ರಿಪ್ ಹಾಕಿಸಿ ಲಿಂಬೆ ತೋಟ ಮಾಡುವ ಆಸೆ. ಇಂಡಿಯ ಲಿಂಬೆಗೆ ಹೆಸರಿದೆಯಲ್ಲ. ಜಂಟಿ ಹೆಸರಿನ ಹೊಲಕ್ಕೆ ಸಾಲ ಬೇಕೆಂದರೆ ಎಲ್ಲ ಪಾಲುದಾರರ ಸಹಿ ಬೇಕು. 'ಕಾಕಾ, ಅಕ್ಕಾರು ಬಂದಾಗ ಎಲ್ಲಾರ್ದೂ ಸಹಿ ಮಾಡಿಸಿ ಒಮ್ಮೆ ಬಿಟ್ಟಕೊಡ್ರಿ' ಎಂದು ಹಕ್ಕುಬಿಡುಗಡೆಯ ಕರಡು ಕಳಿಸಿದ್ದ. ನ್ಯಾಯವಾದ ಮಾತು. ನಾನು ಆ ಹೊಲದಲ್ಲಿ ಕೊನೆಯ ಸಲ ಕಳೆ ಕಿತ್ತದ್ದು ಕಾಲೇಜಿನ ಸೂಟಿಯಲ್ಲಿ.

ಮಕ್ಕಳು ಬಂದರು. ಎಂಟು ಮಂದಿಗೆ ಎರಡು ಗೀಸರು. ನೀರು ಕಾಯುವುದರೊಳಗೆ ಬೆಳಗು ಹನ್ನೊಂದಾಗುತ್ತಿತ್ತು. ಮೂರು ಮೊಮ್ಮಕ್ಕಳು ಒಂದೇ ರಜಾಯಿಯೊಳಗೆ ಹೊಕ್ಕು ಅದೇನು ಭಾಷೆಯಲ್ಲಿ ಮಾತಾಡುತ್ತಿದ್ದವೋ, ಕನ್ನಡ ಇಂಗ್ಲಿಷು ಎರಡೂ ಇತ್ತು. ಅಮೆರಿಕದ ಚಳಿಗೆ ಹೋಲಿಸಿದರೆ ದಿಲ್ಲಿಯದೇನು ಮಹಾ ಅಂದುಕೊಂಡಿದ್ದ ಮಗಳು ಎರಡನೇ ದಿನಕ್ಕೆ ಮಂಕಿ ಕ್ಯಾಪು ಹುಡುಕಿದಳು. ಅಲ್ಲಿ ಹೊರಗೆ ಹಿಮ, ಮನೆಯೊಳಗೆ ಬೆಚ್ಚಗೆ. ಇಲ್ಲಿ ಹಿಮವಿಲ್ಲ, ಆದರೆ ಚಳಿ ಮನೆಯವರಂತೆ ಒಳಗೇ ಕುಳಿತಿರುತ್ತದೆ.

26ರ ರಾತ್ರಿ ಮನಮೋಹನ ಸಿಂಗರು ತೀರಿಕೊಂಡ ಸುದ್ದಿ ಬಂತು. ನಾನು ಬ್ಯಾಂಕ್ ಸೇರಿದ ವರ್ಷವೇ ಅವರು ರಿಸರ್ವ್ ಬ್ಯಾಂಕಿನ ಗವರ್ನರ್ ಆದದ್ದು. ಅವರ ಸಹಿಯಿರುವ ಹಳೆಯ ನೋಟೊಂದನ್ನು ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ. ಹನ್ನೊಂದು ವರ್ಷದ ಮೊಮ್ಮಗನಿಗೆ ತೆಗೆದು ತೋರಿಸಿದೆ. ನೋಟಿನ ಮೇಲೆ ಸಹಿ ಮಾಡಿದವರೇ ಆಮೇಲೆ ಪ್ರಧಾನಿ ಆದರು ಅಂದಾಗ ಅವನು, 'ಅಜ್ಜಾ, ನೀನೂ ಸಹಿ ಮಾಡ್ತಿದ್ಯಾ?' ಎಂದ. ಮಾಡುತ್ತಿದ್ದೆ, ಡಿಮ್ಯಾಂಡ್ ಡ್ರಾಫ್ಟಿನ ಮೇಲೆ, ಅಂದೆ. ಅಷ್ಟಕ್ಕೇ ತೃಪ್ತನಾದ. ಮರುದಿನ ಬೆಳಗಿನಿಂದ ಮಳೆ. 28ರ ಬೆಳಿಗ್ಗೆವರೆಗಿನ ಇಪ್ಪತ್ನಾಲ್ಕು ತಾಸಿನಲ್ಲಿ ಸಫ್ದರ್‌ಜಂಗ್ ಕೇಂದ್ರದಲ್ಲಿ 41.2 ಮಿಲಿಮೀಟರ್ ಬಿತ್ತು; ಡಿಸೆಂಬರಿನ ಒಂದೇ ದಿನದಲ್ಲಿ ಅಷ್ಟು ಮಳೆ ನೂರೊಂದು ವರ್ಷದಿಂದ ಆಗಿರಲಿಲ್ಲವಂತೆ. ನಮ್ಮಾಕೆ 'ಹೊಲಕ್ಕ ಹೋಗೂದು ಹ್ಯಾಂಗ್ರಿ?' ಎಂದು ಗಾಬರಿಯಾದಳು. ಚೌಧರಿ ಫೋನಿನಲ್ಲಿ ನಕ್ಕ. 'ಗೋಧಿಗೆ ಬಂಗಾರದಂಥ ಮಳೆ, ಬನ್ನಿ' ಅಂದ. ಹವೆಯೂ ತೊಳೆದಿಟ್ಟ ಹಾಗಾಯಿತು.

29ರ ಇಡೀ ದಿನ ಅಡುಗೆಮನೆ. ಎಳ್ಳು, ಗುರೆಳ್ಳು, ಅಗಸೆ, ಜೋಳದ ಹಿಟ್ಟು ಊರಿನಿಂದ ಅಣ್ಣನ ಮಗನೇ ಕಳಿಸಿದ್ದ. ಮಗ ಬೆಂಗಳೂರಿನಿಂದ ಹೊತ್ತು ತಂದ. ಸಜ್ಜೆಗೆ ಚಿಂತೆಯಿಲ್ಲ. ಹರಿಯಾಣದ ಬಾಜ್ರಾ ಅಂದರೆ ಸಜ್ಜೆಯೇ, ಅವರು ಅದನ್ನು ದಪ್ಪಗೆ ತಟ್ಟಿ ತುಪ್ಪ ಬೆಲ್ಲದ ಜೊತೆ ತಿನ್ನುತ್ತಾರೆ, ನಾವು ತೆಳ್ಳಗೆ ಬಡಿದು ಎಳ್ಳು ಹಚ್ಚುತ್ತೇವೆ. ಪುಂಡಿಸೊಪ್ಪು ಸಿಗಲಿಲ್ಲ. ಅದರ ಬದಲು ಇಲ್ಲಿ ಗೋಧಿ ಹೊಲದಲ್ಲಿ ತಾನಾಗಿ ಬೆಳೆಯುವ ಬಥುವಾ, ಬೆಂಗಳೂರು ಕಡೆ ಚಕ್ಕೋತ ಅನ್ನುತ್ತಾರಲ್ಲ ಆ ಸೊಪ್ಪು, ಹಾಕಿ ಪಲ್ಯ ಮಾಡಿದಳು. ಹುಳಿಯಿಲ್ಲ, ಆದರೆ ಕೆಟ್ಟದಾಗಿರಲಿಲ್ಲ. ಶೇಂಗಾ ಹೋಳಿಗೆ, ಸಜ್ಜೆ ಕಡುಬು, ಎಣ್ಣೆಬದನೆ, ಹೆಸರುಕಾಳು, ಮೊಸರನ್ನ. ಸೊಸೆ ತುಮಕೂರಿನವಳು, ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯವರು ಬೆಲ್ ಮಾಡುತ್ತಾರೇನೋ ಎಂದು ಹೆದರುತ್ತಿದ್ದಳು. ಬೆಲ್ ಮಾಡಿದರು. ಎರಡು ರೊಟ್ಟಿ ಕೇಳಿಕೊಂಡು ಹೋದರು.

30, ಸೋಮವಾರ. ಎರಡು ಕಾರಿನಲ್ಲಿ ದ್ವಾರಕಾ ಎಕ್ಸ್‌ಪ್ರೆಸ್ ವೇ ಹಿಡಿದು, ಸುಲ್ತಾನಪುರದ ಪಕ್ಷಿಧಾಮ ದಾಟಿ ಹೋದೆವು. ಎರಡೂ ಬದಿ ಮೂವತ್ತು ಮಹಡಿಯ ಕಟ್ಟಡಗಳು ಮುಗಿಯುವ ಹೊತ್ತಿಗೆ ಥಟ್ಟನೆ ಸಾಸಿವೆ ಹೂವಿನ ಹಳದಿ ಶುರುವಾಗುತ್ತದೆ. ಚೌಧರಿಯ ಹೊಲದಲ್ಲಿ ಗೋಧಿ ಇನ್ನೂ ಗೇಣುದ್ದ, ಅದರಾಚೆ ಎದೆಮಟ್ಟದ ಸಾಸಿವೆ. ನಮ್ಮ ಎರೆಹೊಲವಾಗಿದ್ದರೆ ಅಂಥ ಮಳೆಯಾದ ಎರಡೇ ದಿನಕ್ಕೆ ಕಾಲಿಟ್ಟರೆ ಮೊಣಕಾಲುದ್ದ ಮಣ್ಣು ಮೆತ್ತುತ್ತಿತ್ತು. ಅದು ಉಸುಕು ಬೆರೆತ ನೆಲ, ನೀರು ಆಗಲೇ ಇಂಗಿತ್ತು. ಮಕ್ಕಳು ಐದು ಪಾಂಡವರಿಗೆ ಕಲ್ಲು ಹುಡುಕುತ್ತ ಹೋದವು. ಆ ಹೊಲದಲ್ಲಿ ಕಲ್ಲು ಸಿಗುವುದಿಲ್ಲ. ನಾವು ಪ್ರತಿವರ್ಷ ಹಸಿಮಣ್ಣಿನ ಐದು ಉಂಡೆ ಮಾಡಿ ಜಾಂಟಿಯ ಬುಡದಲ್ಲಿ ಇಡುತ್ತೇವೆ. ಏಳು ವರ್ಷದ ಮೊಮ್ಮಗಳು ಭೀಮನದು ಉಳಿದವರದಕ್ಕಿಂತ ದೊಡ್ಡದಿರಬೇಕೆಂದು ಇನ್ನಷ್ಟು ಮಣ್ಣು ಮೆತ್ತಿದಳು. ಕುಂಕುಮ, ವಿಭೂತಿ, ದೀಪ. ಚರಗದ ಬುಟ್ಟಿಯನ್ನು ನಮ್ಮಾಕೆ ಹಿಡಿದಳು. ನಾನು ಮುಂದೆ, ಮಗ ನೀರಿನ ತಂಬಿಗೆ ಹಿಡಿದು ಹಿಂದೆ. ಚೌಧರಿಯ ಮೊಮ್ಮಕ್ಕಳೂ ಸೇರಿ ಕೂಗುತ್ತ ಓಡಿದವು.

ಊಟಕ್ಕೆ ಮುಂಚೆ ಮೊಮ್ಮಗ ತನ್ನ ಶಾಲೆಯ ಪದ್ಧತಿ ತಂದ. ಪ್ರತಿಯೊಬ್ಬರೂ ಯಾತಕ್ಕೆ ಕೃತಜ್ಞರು ಎಂದು ಒಂದೊಂದು ಮಾತು ಹೇಳಬೇಕಂತೆ. ಅವನ ತಂಗಿ ರಜಾಯಿಗೆ ಅಂದಳು. ಚೌಧರಿಯ ಮೊಮ್ಮಗ, ರಾತ್ರಿ ಟ್ಯೂಬ್‌ವೆಲ್ಲಿಗೆ ಕರೆಂಟು ಬಂದದ್ದಕ್ಕೆ. ಬೆಂಗಳೂರಿನ ಮೊಮ್ಮಗಳು ನಾಚಿಕೊಂಡು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿದಳು. ಕೊನೆಗೆ ಮೊಮ್ಮಗ ನನ್ನನ್ನೇ ಕೇಳಿದ: 'ಅಜ್ಜಾ, ಈ ಹೊಲ ನಮ್ದಲ್ಲ ಅಂದ್ಮ್ಯಾಲ ನಾವು ಥ್ಯಾಂಕ್ಸ್ ಯಾರಿಗೆ ಹೇಳೂದು, ಹೊಲಕ್ಕೋ, ಈ ಅಂಕಲ್‌ಗೋ?' ಮಗಳು ತಲೆ ಎತ್ತಿ ನನ್ನ ಕಡೆ ನೋಡಿದಳು. 'ಇಬ್ಬರಿಗೂ ಹೇಳು, ಖರ್ಚೇನು' ಅಂದುಬಿಟ್ಟೆ.

ಉಂಡು ಕುಳಿತಾಗ ಚೌಧರಿಯ ತಂಗಿ ಬಂದಳು. ಅವಳನ್ನು ರೇವಾಡಿ ಕಡೆಗೆ ಕೊಟ್ಟಿದ್ದಾರೆ, ತವರಿಗೆ ಬಂದಿದ್ದಳು. ನಮ್ಮ ಮಕ್ಕಳೂ ಬುವಾ ಅಂತಲೇ ಕರೆಯುತ್ತಾರೆ, ಅಂದರೆ ಸೋದರತ್ತೆ. ದಿಲ್ಲಿಯಲ್ಲಿ ಓದಿದ ಮಗಳಿಗೆ ಹಿಂದಿ ಸಲೀಸು. ಮಾತು ಎಲ್ಲೆಲ್ಲೋ ಹೋಗಿ ಹೊಲಕ್ಕೆ ಬಂತು. ಈ ಹೊಲದಲ್ಲಿ ನಿಮ್ಮ ಪಾಲೆಷ್ಟು ಅಂತ ಮಗಳು ಕೇಳಿಯೇಬಿಟ್ಟಳು. ಬುವಾ ಹೆಬ್ಬೆಟ್ಟು ಎತ್ತಿ ತೋರಿಸಿದಳು. ಅಪ್ಪ ಹೋದ ವರ್ಷವೇ ಒತ್ತಿಕೊಟ್ಟೆ, ಅಂದಳು. ಅದರಲ್ಲಿ ದುಃಖವೇನೂ ಕಾಣಲಿಲ್ಲ. ಶ್ರಾವಣದಲ್ಲಿ ಅಣ್ಣ ಕೋಥಲಿ ಕಳಿಸುತ್ತಾನೆ, ಮಗಳ ಮದುವೆಗೆ ಭಾತ್ ತುಂಬಿದ, ಪಾಲು ಕೇಳಿದ್ದರೆ ಈ ಬಾಗಿಲು ಇರುತ್ತಿತ್ತೇ ಎಂದಳು. ನಾನು ಬ್ಯಾಂಕಿನಲ್ಲಿದ್ದಾಗ ಇದನ್ನು ಎಷ್ಟು ಸಲ ನೋಡಿಲ್ಲ! ಪಟವಾರಿಯ ಫರ್ದ್ ತಂದರೆ ಅದರಲ್ಲಿ ಅಕ್ಕತಂಗಿಯರ ಹೆಸರಿರುತ್ತಿತ್ತು. ಅವರ ಸಹಿ ತನ್ನಿ ಎಂದರೆ ಮರುದಿನವೇ ಮುಸುಕೆಳೆದುಕೊಂಡ ಮೂವರು ಹೆಂಗಸರು ಬಂದು, ಏನು ಎತ್ತ ಕೇಳದೆ ಹೆಬ್ಬೆಟ್ಟು ಕೊಟ್ಟುಹೋಗುತ್ತಿದ್ದರು. ನಮ್ಮಲ್ಲೂ ಬೇರೆಯೇನಲ್ಲ. 1991ರಲ್ಲಿ ಅಪ್ಪ ತೀರಿದ ಮೇಲೆ ನಮ್ಮ ಅಕ್ಕ ಸಹಿ ಹಾಕಿ, 'ಪಂಚಮಿಗೆ ಕರ್ಯೂದೊಂದು ತಪ್ಪಿಸಬ್ಯಾಡ್ರಿ' ಎಂದಷ್ಟೇ ಹೇಳಿದ್ದಳು. ಅಣ್ಣ ಇರುವತನಕ ತಪ್ಪಿಸಲಿಲ್ಲ.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಲಕೋಟೆ ತೆಗೆದೆ. ಮಗ ಓದದೆಯೇ ಪೆನ್ನು ಕೇಳಿದ. ಮಗಳು ಪೂರ್ತಿ ಓದಿದಳು, ಎರಡು ಸಲ.

'ಅಪ್ಪಾ, ನಾ ಇದಕ್ಕ ಈಗ ಸಹಿ ಮಾಡಂಗಿಲ್ಲ.'

'ಯಾಕವಾ? ನಿನಗ ಆ ಹೊಲ ಏನ್ ಮಾಡೂದದ?'

'ಏನೂ ಮಾಡೂದಿಲ್ಲ. ಆದ್ರ ನಾ ಅದನ್ನ ನೋಡೇ ಇಲ್ಲಲ್ಲ. ಪ್ರತಿವರ್ಷ ಚೌಧರಿ ಅಂಕಲ್ ಹೊಲದಾಗ ಚರಗ ಚೆಲ್ಲಿದ್ವಿ. ನಮ್ದು ಹ್ಯಾಂಗದ, ಬನ್ನಿಗಿಡ ಎಲ್ಲದ, ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹ್ಯಾಂಗ ಬಿಟ್ಟಕೊಡ್ಲಿ?'

ಮಗ ಸಿಟ್ಟಾದ. ಅಲ್ಲಿ ದುಡಿಯುವವನು ಅವನು, ನಾವು ಇಲ್ಲಿ ಕುಳಿತು ಅಡ್ಡಗಾಲು ಹಾಕುವುದೇ ಎಂದ. ಅವನ ಮಾತೂ ಸರಿ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ, ಅವಳ ಸಹಿ ಬೇಕೆಂದರೆ ಅವಳ ಮನಸ್ಸೂ ಬೇಕು ಎಂದು ನಾನು ಕಾನೂನು ಹೇಳಹೋದೆ. ನಮ್ಮಾಕೆ ಮಾತ್ರ ಮೂವರನ್ನೂ ಬಿಟ್ಟು ಇನ್ನೊಂದು ಪ್ರಶ್ನೆ ಎತ್ತಿದಳು: 'ಜ್ವಾಳದ ಹೊಲ ಎಲ್ಲಾ ಲಿಂಬಿ ಆದ್ರ, ಎಳ್ಳಮಾಸಿಗೆ ಅಂವ ಚರಗ ಎಲ್ಲಿ ಚೆಲ್ತಾನ?' ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಲಕೋಟೆ ಮತ್ತೆ ಕಪಾಟಿಗೆ ಹೋಯಿತು.

ಅಣ್ಣನ ಮಗನಿಗೆ ಫೋನಿನಲ್ಲಿ ತಿಳಿಸುವುದು ನನಗೆ ಸಂಕಟವಾಗಿತ್ತು. ತುಸು ಹೊತ್ತು ಸುಮ್ಮನಿದ್ದ. ಆಮೇಲೆ ಪಂಚಾಂಗ ತೆಗೆದು, 2025ರ ಅಮಾಸಿ ಡಿಸೆಂಬರ್ 19ಕ್ಕೆ, ಶುಕ್ರವಾರ ಅಂದ. 'ಅಕ್ಕಾರು ಬರ್ಲಿ, ಅವರ ಕೈಲೇ ಚರಗ ಚೆಲ್ಲಸೋಣ್ರಿ. ಬೋರ್ ಒಂದ್ ವರ್ಷ ತಡಾ ಆದ್ರ ಆಗ್ಲಿ.'

ಹೋದೆವು. ಅಮೆರಿಕದ ಶಾಲೆಗೆ ಇನ್ನೂ ರಜೆ ಬಿದ್ದಿರಲಿಲ್ಲ, ಮಗನ ಶಾಲೆ ತಪ್ಪಿಸಿ ಅವನೊಬ್ಬನನ್ನೇ ಕರೆದುಕೊಂಡು ಬಂದಳು. ಚಕ್ಕಡಿ ಇಲ್ಲ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತು ಹೊಲಕ್ಕೆ ಹೋದೆವು. ನನಗಿಂತ ಹಿರಿಯಳಾದ ಅಕ್ಕನೂ ಬಂದಿದ್ದಳು. ಜೋಳದೊಳಗೆ ಮಗಳು ಒಬ್ಬಳೇ ಬದುಗುಂಟ ಒಂದು ಸುತ್ತು ಹಾಕಿ ಬಂದಳು. ಮೊಮ್ಮಗ ಐದು ಕಲ್ಲು ತಾನೇ ಆರಿಸಿ ತಂದ, ಇಲ್ಲಿ ಬೇಕಾದಷ್ಟಿವೆ ಎಂದು ಖುಷಿಪಟ್ಟ. ಮರುದಿನ ಮಗಳು ಕರಡನ್ನು ತಿದ್ದಿಸಿದಳು. ಬನ್ನಿಗಿಡದ ಸುತ್ತಿನ ಅರ್ಧ ಎಕರೆ ಬಿಟ್ಟು ಉಳಿದದ್ದಕ್ಕೆ ಸಹಿ. ಆ ಅರ್ಧ ಎಕರೆ ತನ್ನ ಹೆಸರಿಗೆ, ಅದರಲ್ಲಿ ಜೋಳ ಬಿತ್ತಬೇಕು, ಬೆಳೆದದ್ದು ತಮ್ಮನಿಗೇ. ಅವನು ಸಾಲದ ಅರ್ಜಿ ಮರೆತು ನಕ್ಕ. ನಾನು ಮಾತ್ರ ಬ್ಯಾಂಕಿನವ, ಅಷ್ಟು ತುಂಡನ್ನು ಬೇರೆ ಮಾಡಲು ಮೋಜಣಿಯ ನಕ್ಷೆ ಬೇಕು, ಅದಕ್ಕೆ ಅರ್ಜಿ, ಶುಲ್ಕ ಅಂತ ಲೆಕ್ಕ ಹಾಕುತ್ತ ಕುಳಿತೆ. ಅರ್ಜಿ ಕೊಟ್ಟು ಬಂದಿದ್ದೇವೆ. ಚೌಧರಿ ಫೋನು ಮಾಡಿ, ಈ ಸಲ ಯಾಕೆ ಬರಲಿಲ್ಲ, ಗೋಧಿ ಕೇಳುತ್ತಿದೆ ಅಂದ.